ಎರಡನೆಯ ಮಡಕೆ

ಒಲೆಯ ಮೇಲೆ ಎರಡು ಮಡಕೆ ಇದ್ದವು. ದೊಡ್ಡದರಲ್ಲಿ ಹುರುಳಿಸಾರು ಕುದಿಯುತ್ತಿತ್ತು, ಅದು ಮನೆಮಂದಿಗೆ. ಪಕ್ಕದಲ್ಲಿ ತಟ್ಟೆ ಮುಚ್ಚಿದ ಒಂದು ಸಣ್ಣ ಮಡಕೆ, ಅದು ಚಾಮಯ್ಯನಿಗೆ. ಜಗಲಿಯ ಕಂಬಕ್ಕೆ ಒರಗಿ ಕುಳಿತವನಿಗೆ ನಡುಮನೆ ದಾಟಿ ಅಡುಗೆಮನೆಯ ಬಾಗಿಲಲ್ಲಿ ಅಷ್ಟೇ ಕಾಣುತ್ತಿತ್ತು: ಎರಡು ಮಡಕೆ, ಅವುಗಳ ಮೇಲೆ ಓಡಾಡುವ ಸೊಸೆಯ ಬಳೆಯ ಕೈ. ಆ ಕೈ ದೊಡ್ಡ ಮಡಕೆಯ ಕಡೆಗೆ ಹೋದರೆ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಸಣ್ಣದರ ಕಡೆಗೆ ಹೋದರೆ ಕತ್ತು ತಾನಾಗಿಯೇ ಮುಂದಕ್ಕೆ ಚಾಚುತ್ತಿತ್ತು. ಒಂದೇ ಮನೆ, ಒಂದೇ ಬೆಂಕಿ, ಒಂದೇ ರಾಗಿ. ತನಗೊಬ್ಬನಿಗೆ ಯಾಕೆ ಬೇರೆ ಮಡಕೆ? ಐವತ್ತೆರಡು ವರ್ಷದಲ್ಲಿ ಅವನಿಗೆ ಯಾರೂ ಬೇರೆ ಮಡಕೆ ಇಟ್ಟಿರಲಿಲ್ಲ. ಬೇರೆ ಇಡುವುದು ಬಾಣಂತಿಗೆ, ಇಲ್ಲವೇ ದೂರ ಕೂರಿಸಬೇಕಾದವರಿಗೆ. ತಾನು ಇವೆರಡರಲ್ಲಿ ಯಾವುದು ಎಂದು ಅವನು ದಿನಾ ಬೆಳಿಗ್ಗೆ ಕೇಳಿಕೊಳ್ಳುತ್ತಿದ್ದ.

ಇಡಲು ಹೇಳಿದವರು ಹುಣಸೂರಿನ ಆಸ್ಪತ್ರೆಯ ಡಾಕ್ಟರು. ಅದು ಅವನಿಗೂ ಗೊತ್ತು. ದೀಪಾವಳಿ ಕಳೆದ ವಾರ ಮಗ ಪುಟ್ಟಸ್ವಾಮಿ ಗಾಡಿ ಕಟ್ಟಿ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಡಾಕ್ಟರು ಅವನು ಹೊದ್ದಿದ್ದ ಕಂಬಳಿ ತೆಗೆಸಿ ಹೊಟ್ಟೆ ಅಮುಕಿದರು, ನಾಲಗೆ ನೋಡಿದರು, ಎದೆಯುರಿ ಯಾವಾಗ ಬರುತ್ತದೆ ಎಂದು ಕೇಳಿದರು. “ಹೆಂಡ್ತಿ ತೀರ್ಕೊಂಡ್ ಮ್ಯಾಕೆ ಬತ್ತದೆ ಬುದ್ಧಿ” ಎಂದ. “ಉಂಡ ಮೇಲೋ, ಉಣ್ಣೋಕೆ ಮೊದಲೋ ಅಂತ ನಾನು ಕೇಳಿದ್ದು” ಎಂದು ಡಾಕ್ಟರು ಅಂದಾಗ ಬಾಗಿಲಲ್ಲಿ ಸಾಲು ನಿಂತಿದ್ದವರು ನಕ್ಕರು. ಆಮೇಲೆ ಡಾಕ್ಟರು ಅವನನ್ನು ಬಿಟ್ಟು ಮಗನೊಡನೆ ಮಾತನಾಡಿದರು. ಮೆಣಸಿನಕಾಯಿ ಬೇಡ, ಹುಳಿ ಬೇಡ, ಹುರುಳಿ ಬೇಡ, ಎಲೆಯಡಿಕೆ ಹೊಗೆಸೊಪ್ಪು ಮುಟ್ಟಬಾರದು. ಒಂದೇ ಸಲ ಮೂರು ಮುದ್ದೆ ನುಂಗುವ ಬದಲು ನಾಲ್ಕು ಸಲ ಸ್ವಲ್ಪ ಸ್ವಲ್ಪ, ಅದೂ ಗಂಜಿ, ಅಂಬಲಿ, ಹುಳಿಯಿಲ್ಲದ ಮಜ್ಜಿಗೆ. ದೀಪ ಹಚ್ಚುವ ಹೊತ್ತಿಗೆ ಊಟ ಮುಗಿದಿರಬೇಕು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆಯನ್ನೂ ಸೇರಿಸಿದರು, ಚಾಮಯ್ಯನಿಗೆ ಊಟ ಮಾಡುವುದೇ ಗೊತ್ತಿಲ್ಲ ಎನ್ನುವ ಹಾಗೆ. ಬಿಳಿ ಪುಡಿಯ ಪೊಟ್ಟಣಗಳನ್ನೂ ಮಗನ ಕೈಗೇ ಕೊಟ್ಟರು. ಮಗ ಎಲ್ಲವನ್ನೂ ತಂದು ಹೆಂಡತಿಗೆ ಒಪ್ಪಿಸಿದ. ಡಾಕ್ಟರು ಹೇಳಿದ್ದಕ್ಕೂ ಈಗ ಸಣ್ಣ ಮಡಕೆಯಲ್ಲಿ ಬೇಯುತ್ತಿರುವುದಕ್ಕೂ ನಡುವೆ ಅಷ್ಟು ದೂರ ಇತ್ತು, ಅಷ್ಟು ಕೈ ಇದ್ದವು. ದಾರಿಯಲ್ಲಿ ಏನು ಬೇಕಾದರೂ ಸೇರಬಹುದು ಎಂದು ಅವನಿಗೆ ಅನ್ನಿಸಿತು.

ಸೊಸೆ ಸೋಮಮ್ಮ ಹೆಗ್ಗಡದೇವನಕೋಟೆಯ ಆಚೆ ಕಾಡಂಚಿನ ಊರಿನವಳು. ಕೋಟೆ ಕಡೆಯವರಿಗೆ ಬೇರು ಗೊತ್ತು, ಸೊಪ್ಪು ಗೊತ್ತು ಎಂದು ಇಲ್ಲಿ ಗಾವಡಗೆರೆಯ ಹೆಂಗಸರು ಅವಳು ಮದುವೆಯಾಗಿ ಬಂದ ದಿನವೇ ಆಡಿಕೊಂಡಿದ್ದರು. ಆಗ ಚಾಮಯ್ಯ ನಕ್ಕಿದ್ದ. ಈಗ ನಗು ಬರುತ್ತಿರಲಿಲ್ಲ. ಅವಳು ತಟ್ಟೆ ಇಡುವಾಗ ತಲೆಯೆತ್ತಿ ನೋಡುವುದಿಲ್ಲ, ಯಾಕೆ ನೋಡುವುದಿಲ್ಲ? ಒಂದು ದಿನ ನೋಡಿದಳು, ಯಾಕೆ ನೋಡಿದಳು? ಪುಡಿಯನ್ನು ನೀರಿಗೆ ಹಾಕಿದಾಗ ಅದು ಬುಸ್ಸೆಂದು ನೊರೆಯೆದ್ದಿತು, ಅವಳು ಹೋದ ಮೇಲೆ ಅವನು ಅದನ್ನು ತುಳಸಿಕಟ್ಟೆಯ ಬುಡಕ್ಕೆ ಚೆಲ್ಲಿ, ಗಿಡ ಬಾಡುತ್ತದೆಯೇ ಎಂದು ಮೂರು ದಿನ ನೋಡಿದ. ಗಿಡ ಚೆನ್ನಾಗಿಯೇ ಇತ್ತು. ಗಿಡಕ್ಕೆ ಎದೆ ಇಲ್ಲವಲ್ಲ ಎಂದುಕೊಂಡ. ಇನ್ನೊಂದು ಸಂಜೆ ಮಂಚದ ಮೇಲೆ ಒರಗಿದವನಿಗೆ ಕಾಲಿನ ಕಡೆಗೆ ಜಾರಿದಂತಾಯಿತು. ಬಗ್ಗಿ ನೋಡಿದರೆ ತಲೆದೆಸೆಯ ಎರಡು ಕಾಲುಗಳ ಕೆಳಗೆ ಎರಡು ಇಟ್ಟಿಗೆ. ನಿಂಬೆಹಣ್ಣು, ಕುಂಕುಮ, ಮೊಳೆ ಏನಾದರೂ ಇದೆಯೇ ಎಂದು ಮಂಡಿಯೂರಿ ತಡಕಿದ. ಇರುವೆ ಸಾಲು ಬಿಟ್ಟರೆ ಏನೂ ಇರಲಿಲ್ಲ. ಇಟ್ಟಿಗೆಗಳನ್ನು ಹಿತ್ತಲಿಗೆ ಎಸೆದ. ಮಾರನೆಯ ದಿನ ಮತ್ತೆ ಅಲ್ಲೇ ಇದ್ದವು. ಮೂರು ಸಲ ಎಸೆದ, ಮೂರು ಸಲವೂ ಬಂದವು. ಕೇಳಿದ್ದರೆ ಇದೂ ಡಾಕ್ಟರು ಹೇಳಿದ್ದು, ತಲೆ ಎತ್ತರದಲ್ಲಿದ್ದರೆ ಹುಳಿ ಮೇಲಕ್ಕೆ ಬರುವುದಿಲ್ಲವಂತೆ ಎಂದು ಮಗನೇ ಹೇಳುತ್ತಿದ್ದ. ಅವನು ಕೇಳಲಿಲ್ಲ. ಜಾಣತನ ಮಾಡಿ ಇಟ್ಟಿಗೆಯ ಕಡೆಗೆ ಕಾಲು ಹಾಕಿ, ತಲೆಯನ್ನು ತಗ್ಗಿಗೆ ಇಟ್ಟು ಮಲಗಿದ. ಆವತ್ತು ಹುಳಿ ಗಂಟಲವರೆಗೆ ಉಕ್ಕಿ ಬಂದು ಕಣ್ಣಲ್ಲಿ ನೀರು ಸುರಿಯಿತು. ನೋಡಿದೆಯಾ, ಇಟ್ಟಿಗೆ ಇಟ್ಟದ್ದಕ್ಕೇ ಹೀಗೆ ಎಂದು ಖಾತ್ರಿಯಾಯಿತು.

ಅವನ ಅಕ್ಕ ಚಿಕ್ಕಬೀರಮ್ಮನಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದು ಸೇರಿದವಳು ಅವಳು. ಮನೆಯ ಯಾವ ಮೂಲೆಯಲ್ಲಿ ಯಾವ ಇಲಿ ಓಡಾಡುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದವಳು, “ಚಾಮ, ನಿಂಗೆ ಮದ್ದಾಕವ್ರೆ ಕಣ್ಲಾ” ಎಂದಳು, ಮಳೆ ಬರಬಹುದು ಎಂದಷ್ಟೇ ಸಲೀಸಾಗಿ. ಆಸ್ಪತ್ರೆಯ ಮದ್ದಲ್ಲ, ತುತ್ತಿನಲ್ಲಿಟ್ಟು ಉಣ್ಣಿಸುವ ಮದ್ದು. ಅದು ಕೂದಲಿನ ಉಂಡೆಯ ಹಾಗೆ ಹೊಟ್ಟೆಯಲ್ಲಿ ಅಂಟಿ ಕೂತು, ಉಂಡದ್ದನ್ನೆಲ್ಲ ಸುಟ್ಟು, ಮನುಷ್ಯನನ್ನು ವರ್ಷಗಟ್ಟಲೆ ಸವೆಸುತ್ತದೆ ಎಂದು ಆ ಸೀಮೆಯಲ್ಲಿ ನಂಬದವರಿಲ್ಲ. “ಬ್ಯಾರೆ ಮಡಕೆ ಯಾಕಿಟ್ಟವ್ಳೆ ಅಂದ್ಕೊಂಡೆ? ಎಲ್ರ ಮಡಕೇಲಿ ಇಕ್ಕುದ್ರೆ ಗಂಡನ್ ಹೊಟ್ಟೆಗೂ ವೋಯ್ತದಲ್ಲ.” ಚಾಮಯ್ಯ ಕೆಳಗೆ ಬಿದ್ದ ಅವರೆಕಾಳೊಂದನ್ನು ಎತ್ತಿ ಮೊರಕ್ಕೆ ಹಾಕಿದ. ತನ್ನೊಳಗೆ ತಿಂಗಳಿಂದ ಓಡಾಡುತ್ತಿದ್ದ ಮಾತು ಇನ್ನೊಬ್ಬರ ಬಾಯಿಂದ ಬಂದದ್ದಕ್ಕೆ ಅವನಿಗೆ ಹೆದರಿಕೆಗಿಂತ ಸಮಾಧಾನವೇ ಹೆಚ್ಚಾಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು. ಕಂಪಲಾಪುರದಲ್ಲಿ ಮದ್ದು ತೆಗೆಯುವ ದಾಸಯ್ಯ ಇದ್ದಾನೆ, ಸೊಪ್ಪಿನ ರಸ ಕುಡಿಸಿ ಕಕ್ಕಿಸುತ್ತಾನೆ, ಕಕ್ಕಿದ್ದರಲ್ಲಿ ಮದ್ದು ತೋರಿಸುತ್ತಾನೆ, ಯಾರ ಕೈಯದೆಂದು ರೋಗಿಯ ಬಾಯಿಂದಲೇ ಹೇಳಿಸುತ್ತಾನೆ. ಹೆಸರು ಬಂದ ಹೆಂಗಸು ಅಲ್ಲಿಂದಲೇ ತವರಿಗೆ ಹೋಗಬೇಕು. ಗಂಡನ ಮನೆಯ ಹೊಸಲು ಮತ್ತೆ ತುಳಿಯುವ ಹಾಗಿಲ್ಲ. “ಅವ್ಳನ್ನೂ ಕರ್ಕೊಂಡ್ ವೋಗವ” ಎಂದಳು ಅಕ್ಕ. “ಕಣ್ಣಾರೆ ನೋಡ್ಲಿ.”

ಅಕ್ಕ ಎದ್ದು ಹೋದ ಮೇಲೆ ಅವನು ಕೋಣೆಗೆ ಹೋದ. ರಾಗಿ ತುಂಬಿಡುವ ವಾಡೆಯ ಹಿಂದೆ, ಹಳೆಯ ಗೋಣಿಯ ಕೆಳಗೆ ಒಂದು ಜಾಡಿ ಇತ್ತು. ಬಾಯಿಗೆ ಬಟ್ಟೆ ಕಟ್ಟಿತ್ತು. ಅದು ಅವನ ಹೆಂಡತಿ ಕೆಂಪಾಜಮ್ಮ ಹಾಕಿದ ಕೊನೆಯ ಮಾವಿನಕಾಯಿ ಉಪ್ಪಿನಕಾಯಿ. ಈಳಿಗೆಮಣೆಯ ಮೇಲೆ ಕೂತು, ಗೊರಟಿನ ಓಟೆ ಸಮೇತ ಹೋಳು ಮಾಡಿ, ಖಾರ ಅರೆದು ತುಂಬಿ, ಆಮೇಲೆ ಒಂದು ಹೋಳನ್ನು ಅಂಗೈಯಲ್ಲಿ ಹಿಡಿದು ಹಟ್ಟಿಯವರೆಗೂ ಬಂದಿದ್ದಳು. “ಉಪ್ಪು ಸರಿ ಅದಾ ಒಸಿ ನೋಡಿ” ಎಂದಳು. ಅವನು ಎತ್ತು ಬಿಚ್ಚುತ್ತಿದ್ದ. ಆವತ್ತು ಚಾವಡಿಯಲ್ಲಿ ಯಾರೊಡನೆಯೋ ಮಾತಿಗೆ ಮಾತು ಬೆಳೆದಿತ್ತು, ಯಾರೊಡನೆ ಎಂಬುದು ಈಗ ನೆನಪಿಲ್ಲ. “ನೀನೇ ನೋಡ್ಕೊ ವೋಗು, ಉಪ್ಪಂತೆ” ಎಂದುಬಿಟ್ಟ. ಅವಳು ಆ ಹೋಳನ್ನು ತಾನೇ ಬಾಯಿಗೆ ಹಾಕಿಕೊಂಡು ಹೋದಳು. ಕಾರಹುಣ್ಣಿಮೆಗೆ ಮೂರು ದಿನ ಇರುವಾಗ ಜ್ವರ ಬಂತು, ಹುಣ್ಣಿಮೆಯ ದಿನ ಅವಳು ಇರಲಿಲ್ಲ. ತಿಥಿಯ ಊಟ ಮುಗಿದ ಮಧ್ಯಾಹ್ನ, ಹೊಟ್ಟೆ ಬಿರಿಯ ಉಂಡಿದ್ದವನು, ಏನೋ ಹುಡುಕಲು ಕೋಣೆಗೆ ಹೋಗಿ ಆ ಜಾಡಿಯ ಬಟ್ಟೆ ಬಿಚ್ಚಿದ. ಒಂದು ಹೋಳು ಬಾಯಿಗಿಟ್ಟು ಓಟೆಯ ನಾರು ಬಿಳುಪಾಗುವವರೆಗೆ ಚೀಪಿದ. ಉಪ್ಪು ಸರಿಯಾಗಿತ್ತು. ಅದನ್ನು ಹೇಳಲು ಯಾರೂ ಇರಲಿಲ್ಲವಾದ್ದರಿಂದ ಇನ್ನೊಂದು ಹೋಳು ತೆಗೆದುಕೊಂಡ.

ಅಲ್ಲಿಂದ ಅದು ನಡೆಯುತ್ತಲೇ ಇತ್ತು. ಹಸಿವಾದಾಗ ಅವನು ಜಾಡಿಯ ಹತ್ತಿರ ಹೋಗುತ್ತಿರಲಿಲ್ಲ. ಮನೆಮಂದಿ ಹೊಲಕ್ಕೆ ಹೋಗಿ ಮನೆ ನಿಶ್ಶಬ್ದವಾದಾಗ ಹೋಗುತ್ತಿದ್ದ. ಬೀಸುವ ಕಲ್ಲಿನ ಮುಂದೆ ಬೇರೆ ಹೆಂಗಸು ಕೂತದ್ದನ್ನು ಕಂಡಾಗ ಹೋಗುತ್ತಿದ್ದ. ಯಾರಾದರೂ ಒಂದು ಮಾತು ಚುಚ್ಚಿದರೆ ಎರಡು ಹೋಳು. ಶೇಕ್ದಾರರು ಕಂದಾಯದ ವಿಷಯಕ್ಕೆ ಬಂದ ದಿನ ಚಾವಡಿಯಲ್ಲಿ ಎಲ್ಲರೆದುರು ಅವನಿಗೆ ಹುಳಿತೇಗು ಬಂದು, ಮಾತು ಅರ್ಧಕ್ಕೆ ನಿಂತು, ಶೇಕ್ದಾರರು ಮೂಗಿಗೆ ವಸ್ತ್ರ ಹಿಡಿದಿದ್ದರು. ಊರಿನ ಹುಡುಗರು ಮುಖ ತಿರುಗಿಸಿಕೊಂಡು ನಕ್ಕರು. ಆವತ್ತು ನಾಲ್ಕು ಹೋಳು, ಮೇಲೆ ಬೆರಳಿಗೆ ಹತ್ತಿದ ಖಾರ. ನೆಕ್ಕುವಾಗ ಅವಳು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಾಳೆ ಅನ್ನಿಸುತ್ತಿತ್ತು. ಅರ್ಧ ಗಳಿಗೆ ಕಳೆದರೆ ಎದೆಯ ಗುಂಡಿಯಲ್ಲಿ ಬೆಂಕಿ ಹತ್ತಿಕೊಳ್ಳುತ್ತಿತ್ತು. ಇಷ್ಟಾದರೂ ಎದೆಯುರಿಗೂ ಜಾಡಿಗೂ ಸಂಬಂಧ ಉಂಟೆಂದು ಅವನಿಗೆ ತೋಚಲಿಲ್ಲ ಎಂದರೆ ನಂಬುವುದು ಕಷ್ಟ. ತೋಚಿತ್ತು. ಆದರೆ ತೋಚಿದ್ದರ ಕಡೆಗೆ ಅವನು ಬೆನ್ನು ಹಾಕಿ ಕೂತಿದ್ದ. ಹೆಂಡತಿಯ ಕೈಯದು ಹೇಗೆ ಸುಟ್ಟೀತು? ಸುಡುವುದಾದರೆ ಸೊಸೆಯ ಕೈಯದೇ ಸುಡಬೇಕು. ತಾನು ಕಳ್ಳ ಪರರ ನಂಬ ಎನ್ನುತ್ತಾರಲ್ಲ, ಅವನದು ಅದೇ ಕಥೆ: ಕದ್ದು ತಿನ್ನುವವನು ಇಟ್ಟು ಕೊಡುವವಳನ್ನು ಕಾಯುತ್ತಿದ್ದ.

ಕಂಪಲಾಪುರಕ್ಕೆ ಹೊರಡುವ ದಿನ ಬೆಳಿಗ್ಗೆ ಏನೂ ತಿನ್ನಬಾರದು, ನೀರೂ ಕುಡಿಯಬಾರದು ಎಂದು ದಾಸಯ್ಯನ ಅಪ್ಪಣೆಯಾಗಿತ್ತು. ಮಗ ಗಾಡಿಗೆ ಹುಲ್ಲು ಹಾಸುತ್ತಿದ್ದ. ಅಕ್ಕ ಹಿತ್ತಲಲ್ಲಿದ್ದಳು. ಇವತ್ತು ಏನೋ ಮುಗಿದುಹೋಗುತ್ತದೆ ಎಂಬ ಹೆದರಿಕೆ ಬಂದು ಚಾಮಯ್ಯ ಕೋಣೆಗೆ ಹೋದ. ಜಾಡಿಯ ತಳ ಬೆರಳಿಗೆ ಸಿಗುತ್ತಿತ್ತು. ಒಂದು ಹೋಳನ್ನು ಬಾಯಿಗೆ ಹಾಕಿದ ಹೊತ್ತಿಗೆ ಸೋಮಮ್ಮ ಮೊರ ಹಿಡಿದು ರಾಗಿ ತೆಗೆಯಲು ಬಂದಳು. ಇಬ್ಬರೂ ನಿಂತರು. ಅವನ ಕೆನ್ನೆ ಉಬ್ಬಿತ್ತು, ಮೂರು ಬೆರಳು ಕೆಂಪಾಗಿದ್ದವು. ಅಗಿಯುವ ಹಾಗಿಲ್ಲ, ಉಗಿಯುವ ಹಾಗಿಲ್ಲ. ಓಟೆಯ ಸಮೇತ ನುಂಗಿದ, ಅದು ಗಂಟಲನ್ನು ಗೀರಿಕೊಂಡು ಇಳಿಯಿತು. ಅವಳು ಮೊರವನ್ನು ನಿಧಾನವಾಗಿ ಕೆಳಗಿಟ್ಟು, “ಆಮ್ಯಾಕ್ ಬತ್ತೀನಿ ಮಾವ” ಎಂದು ಹೊರಗೆ ಹೋದಳು. ಆ ದನಿಯಲ್ಲಿ ಆಶ್ಚರ್ಯ ಇರಲಿಲ್ಲ. ಹಾಗಾದರೆ ಮೊದಲಿನಿಂದ ಗೊತ್ತಿತ್ತೇ? ಟವೆಲಿನ ಕೆಂಪು ಕಲೆ ಒಗೆಯುವವಳು ಅವಳೇ ಅಲ್ಲವೇ? ಗೊತ್ತಿದ್ದರೆ ಯಾಕೆ ಯಾರಿಗೂ ಹೇಳಿಲ್ಲ? ಯಾವತ್ತಿಗೆಂದು ಕೂಡಿಟ್ಟುಕೊಂಡಿದ್ದಾಳೆ?

ಗಾಡಿಯಲ್ಲಿ ಅವಳು ಹಿಂದೆ ಕೂತಳು, ತೊಡೆಯ ಮೇಲೆ ಒಂದು ಗಂಟು. ಅದರಲ್ಲಿ ಏನಿದೆ ಎಂದು ಚಾಮಯ್ಯ ಹುಣಸೂರು ದಾಟುವವರೆಗೂ ಯೋಚಿಸಿದ. ಕಾಡಿನ ಬೇರೇ? ದಾಸಯ್ಯನ ಮದ್ದಿಗೆ ಎದುರು ಮದ್ದೇ? ಗಾಡಿ ಕುಲುಕಿದರೂ ಗಂಟು ಅಲುಗದಂತೆ ಅವಳು ಎರಡೂ ಕೈಯಲ್ಲಿ ಹಿಡಿದಿದ್ದಳು. ಮಗ ಎತ್ತುಗಳ ಬಾಲ ಮಾತ್ರ ನೋಡುತ್ತಿದ್ದ. ಹೆಂಡತಿಯ ಪರವಾಗಿ ಒಂದು ಮಾತಾದರೂ ಆಡಬಾರದೇ ಇವನು ಎಂದು ಚಾಮಯ್ಯನಿಗೆ ಸಿಟ್ಟು ಬಂತು. ಆಡಿದ್ದರೆ ಇವನೂ ಶಾಮೀಲು ಎನ್ನುತ್ತಿದ್ದ. ಮೈಸೂರು ಕಡೆಯಿಂದ ಒಂದು ಮೋಟಾರು ಧೂಳೆಬ್ಬಿಸಿಕೊಂಡು ಕೊಡಗಿನ ಕಡೆಗೆ ಹೋಯಿತು. ಎತ್ತುಗಳು ಬೆದರಿದವು, ಗಾಡಿ ವಾಲಿತು, ಸೋಮಮ್ಮ ಗಂಟನ್ನು ಬಿಡದೆ ಭುಜವನ್ನು ಗೂಟಕ್ಕೆ ಬಡಿಸಿಕೊಂಡಳು.

ದಾಸಯ್ಯನ ಮನೆಯ ಮುಂದೆ ಹೊಂಗೆಯ ಮರ, ಅದರ ಕೆಳಗೆ ಆಗಲೇ ಏಳೆಂಟು ಜನ ಕೂತಿದ್ದರು. ದಾಸಯ್ಯ ತೆಳ್ಳಗಿನ ಮುದುಕ. ಅವನ ಕಣ್ಣು ರೋಗಿಯ ಮೇಲೆ ನಿಲ್ಲದೆ ಜೊತೆಗೆ ಬಂದವರ ಮುಖಗಳ ಮೇಲೆ ಓಡಾಡಿ, ಚಿಕ್ಕಬೀರಮ್ಮನ ಮೇಲೆ ಒಂದು ಗಳಿಗೆ ನಿಂತು, ಅಲ್ಲಿಂದ ಸೋಮಮ್ಮನ ಮೇಲೆ ಹೋದದ್ದನ್ನು ಚಾಮಯ್ಯ ಗಮನಿಸಿದ. ಇವನೂ ನಂಬಿಕೆಯ ಆಳಲ್ಲ ಎನ್ನಿಸಿತು. ಅಷ್ಟರಲ್ಲಿ ಹಸಿರು ರಸದ ಲೋಟ ಕೈಗೆ ಬಂತು. ಕುಡಿದ. ಹೊಟ್ಟೆ ಬುಡಮೇಲಾಗಿ, ಕರುಳೇ ಕಿತ್ತು ಬಂದಂತೆ ಮುತ್ತುಗದ ಎಲೆಗಳ ಮೇಲೆ ಕಕ್ಕಿದ. ಪರವೂರಿನ ಜನ ಎದ್ದು ನಿಂತು ಇಣುಕಿದರು. ಐವತ್ತೆರಡು ವರ್ಷದ ಗೃಹಸ್ಥ, ಮೀಸೆಯ ಮೇಲೆ ಜೊಲ್ಲು, ಕಚ್ಚೆ ಸಡಿಲ. ದಾಸಯ್ಯ ಒಂದು ಕಡ್ಡಿಯಿಂದ ಕೆದಕಿ, ಏನನ್ನೋ ಎತ್ತಿ ಬಿಸಿಲಿಗೆ ಹಿಡಿದ. ಕೆಂಪಗೆ, ಬೆರಳ ತುದಿಯಷ್ಟು ದಪ್ಪ, ಸುತ್ತ ಎಳೆ ಎಳೆ.

“ನೋಡ್ರಪ್ಪ ಕೂದ್ಲು” ಎಂದ. “ಎಂಗ್ ಸುತ್ಕೊಂಡದೆ ನೋಡಿ.” ಜನ ಉಸಿರು ಬಿಟ್ಟರು. ಚಿಕ್ಕಬೀರಮ್ಮ ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡಳು.

ಅದು ಓಟೆಯ ನಾರು. ಬೆಳಿಗ್ಗೆ ಗಂಟಲು ಗೀರಿ ಇಳಿದ ಹೋಳು. ಚಾಮಯ್ಯನಿಗೆ ನೋಡಿದ ಕೂಡಲೇ ಗೊತ್ತಾಯಿತು. ಈ ಜಗತ್ತಿನಲ್ಲಿ ಅದು ಏನೆಂದು ಬಲ್ಲವರು ಇಬ್ಬರೇ, ಇನ್ನೊಬ್ಬಳು ಗಾಡಿಯ ಚಕ್ರದ ಪಕ್ಕ ಗಂಟು ಹಿಡಿದು ನಿಂತಿದ್ದಳು. “ಯಾರ ಕೈದು, ಯೋಳಪ್ಪ” ಎಂದ ದಾಸಯ್ಯ. ಅವಳು ಈಗ ಬಾಯಿ ಬಿಡುತ್ತಾಳೆ, ಮಾವ ಕದ್ದು ತಿಂದದ್ದು ಕಣ್ರೀ ಅನ್ನುತ್ತಾಳೆ, ಕೂಡಿಟ್ಟದ್ದನ್ನು ಇಷ್ಟು ಜನರೆದುರು ಚೆಲ್ಲುತ್ತಾಳೆ ಎಂದು ಅವನು ಮೈ ಬಿಗಿಹಿಡಿದು ಕಾದ. ಅವಳು ನೆಲ ನೋಡುತ್ತಿದ್ದಳು. “ಯಾರ ಕೈದು” ಎಂದು ಎರಡನೆಯ ಸಲ ಕೇಳಿದ. ಅಕ್ಕ ಅವನ ಬೆನ್ನು ತಿವಿದಳು. ಒಂದು ಹೆಸರು, ಅಷ್ಟೇ. ಹೇಳಿದರೆ ತನ್ನ ಕಳ್ಳತನ ಹೊಟ್ಟೆಯಲ್ಲೇ ಉಳಿಯುತ್ತದೆ, ಹೇಳದಿದ್ದರೆ ಈ ಏಳೆಂಟು ಜನ, ನಾಳೆ ಹುಣಸೂರು ಸಂತೆ, ನಾಡಿದ್ದು ಊರು: ಮುದುಕ ಸತ್ತ ಹೆಂಡತಿಯ ಉಪ್ಪಿನಕಾಯಿ ಕದ್ದು ತಿಂದು ಸೊಸೆಯ ಮೇಲೆ ಮದ್ದು ಹೊರಿಸಿದನಂತೆ. ಸೋಮಮ್ಮ ಸೆರಗಿನಿಂದ ಗಂಟನ್ನು ಮುಚ್ಚಿಕೊಂಡು ಅರ್ಧ ಹೆಜ್ಜೆ ಹಿಂದಕ್ಕೆ ಇಟ್ಟಳು, ಹೋಗಬೇಕಾದ ದಾರಿ ಯಾವುದೆಂದು ಆಗಲೇ ಗೊತ್ತಿರುವವಳಂತೆ. ಆ ಅರ್ಧ ಹೆಜ್ಜೆಯನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

“ನನ್ನ ಹೆಂಡ್ತಿ ಕೈದು” ಎಂದ. “ಕೆಂಪಾಜಮ್ಮಂದು. ಉಪ್ಪಿನಕಾಯಿ ಕಣಕ್ಕ ಅದು, ಮಾವಿನ್ ನಾರು. ನಾನೇ ತಿಂದೆ, ಇವತ್ ಬೆಳಿಗ್ಗೇನೂ ತಿಂದೆ.”

ಅವನು ನಗುವಿಗೆ ಸಿದ್ಧನಾಗಿದ್ದ. ಯಾರೂ ನಗಲಿಲ್ಲ. ದಾಸಯ್ಯ ತಲೆದೂಗಿದ. “ಸರಿ ಬುಡು. ಗಂಡ ಕೈ ಮೀರ್ಬಾರ್ದು ಅಂತ ಹೆಂಡ್ರು ಇಕ್ಕೋದುಂಟು. ಇಕ್ಕಿದೋರು ವೋದ್ರೂ ಮದ್ದು ವೋಗಕಿಲ್ಲ. ಅದುಕ್ಕೇ ನಿಂಗೆ ತಿನ್ನು ತಿನ್ನು ಅನ್ಸಿದ್ದು.”

“ಅಲ್ಲ ಅಯ್ಯ, ಬರೀ ಉಪ್ಪಿನಕಾಯಿ.”

“ಅದ್ರಲ್ಲೇ ಇಕ್ಕವ್ಳೆ” ಎಂದಳು ಚಿಕ್ಕಬೀರಮ್ಮ. ಅವಳ ಮುಖದಲ್ಲಿ ತಮ್ಮನ ಹೆಂಡತಿಯೊಡನೆ ಇದ್ದ ಇಪ್ಪತ್ತೈದು ವರ್ಷದ ಲೆಕ್ಕ ಕೊನೆಗೂ ಸರಿಹೋದ ತೃಪ್ತಿ ಇತ್ತು. “ನಂಗೆ ಆವತ್ತೇ ಗೊತ್ತಿತ್ತು. ಸಾಯೋ ಮುಂಚೆ ಜಾಡಿ ತುಂಬುಸ್ಬುಟ್ ವೋದ್ಲು ನೋಡು.” ಚಾಮಯ್ಯ ಇಲ್ಲ ಇಲ್ಲ ಎಂದ. ಮದ್ದು ಹಿಡಿದವರು ಇಕ್ಕಿದವರನ್ನು ಬಿಟ್ಟುಕೊಡುವುದಿಲ್ಲ, ಅದೇ ಗುರುತು ಎಂದು ಯಾರೋ ಹಿಂದಿನಿಂದ ಹೇಳಿದರು. ಅವನು ಎಷ್ಟು ಇಲ್ಲವೆಂದರೆ ಅಷ್ಟು ಅದು ನಿಜವಾಗುತ್ತಾ ಹೋಯಿತು.

ವಾಪಸು ಬರುವಾಗ ಅವನಿಗೆ ತಲೆ ನಿಲ್ಲುತ್ತಿರಲಿಲ್ಲ. ದಾರಿಯ ಒಂದು ಆಲದ ಮರದ ಕೆಳಗೆ ಮಗ ಗಾಡಿ ನಿಲ್ಲಿಸಿದ. ಸೋಮಮ್ಮ ಗಂಟು ಬಿಚ್ಚಿದಳು. ಒಂದು ಸೀರೆ, ಒಂದು ಕುಪ್ಪಸ, ಅವುಗಳ ನಡುವೆ ಸುತ್ತಿಟ್ಟ ಒಂದು ಚೊಂಬು. ಚೊಂಬಿನಲ್ಲಿ ಗಂಜಿ, ಒಂದು ತೊಟ್ಟೂ ಚೆಲ್ಲಿರಲಿಲ್ಲ. ತವರಿಗೆ ಅಟ್ಟುತ್ತಾರೆಂದು ಸೀರೆ ಕಟ್ಟಿಕೊಂಡವಳು ಕಕ್ಕಿ ಬಸವಳಿದವನಿಗೆ ಬೇಕಾದೀತೆಂದು ಗಂಜಿಯನ್ನೂ ಕಟ್ಟಿಕೊಂಡಿದ್ದಳು. ಚಾಮಯ್ಯ ಅದನ್ನು ನೋಡಿ ಅತ್ತ. ಅಕ್ಕ ಮದ್ದು ಬಿಟ್ಟ ಆಯಾಸ ಎಂದಳು. ಮನೆ ಮುಟ್ಟಿದ ಕೂಡಲೇ ಅವಳೇ ಜಾಡಿಯನ್ನು ಹಿತ್ತಲಿಗೆ ಒಯ್ದು ಕಲ್ಲಿನ ಮೇಲೆ ಒಡೆದು, ಚೂರುಗಳನ್ನೂ ಮಣ್ಣಿನಲ್ಲಿ ಹೂತಳು. ವಾರದೊಳಗೆ ಊರಿನಲ್ಲಿ ಕೆಂಪಾಜಮ್ಮನ ಹೆಸರು ಹೇಳುವಾಗ ಹೆಂಗಸರು ದನಿ ತಗ್ಗಿಸತೊಡಗಿದರು.

ಸಂಕ್ರಾಂತಿ ಕಳೆಯಿತು. ಇಟ್ಟಿಗೆಗಳು ಇದ್ದಲ್ಲೇ ಇದ್ದವು, ಅವನು ತಲೆಯನ್ನು ಎತ್ತರದ ಕಡೆಗೇ ಇಟ್ಟು ಮಲಗುತ್ತಿದ್ದ. ದಿನಕ್ಕೆ ನಾಲ್ಕು ಸಲ ಸಣ್ಣ ಮಡಕೆಯಿಂದ ಬಂದದ್ದನ್ನು, ಖಾರ ಹುಳಿ ಎಂದು ಬಾಯಿ ಎಷ್ಟು ಬೇಡಿದರೂ, ಅಷ್ಟನ್ನೇ ಉಣ್ಣುತ್ತಿದ್ದ. ಮಧ್ಯಾಹ್ನ ಮನೆ ನಿಶ್ಶಬ್ದವಾದರೆ ಕಾಲು ಕೋಣೆಯ ಕಡೆಗೆ ಎಳೆಯುತ್ತಿತ್ತು, ಆಗ ಎದ್ದು ಹೊಲಕ್ಕೆ ಹೋಗುತ್ತಿದ್ದ. ಒಂದು ದಿನ ಸೂರ್ಯ ಇಳಿಯುವ ಹೊತ್ತಿಗೆ ಸೋಮಮ್ಮ ತಟ್ಟೆ ಇಟ್ಟಾಗ ಅಕ್ಕ ಮನೆಯಲ್ಲಿರಲಿಲ್ಲ. “ಆವತ್ತು ನೀ ಯಾಕವ್ವ ಬಾಯ್ ಬುಡ್ಲಿಲ್ಲ?” ಎಂದು ಅವನು ಕೇಳಿದ.

ಅವಳು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು. “ಬುಟ್ಟಿದ್ರೆ ಅತ್ತೆವ್ವನ ಮ್ಯಾಲೇ ಬತ್ತದೆ ಅಂತ ಗೊತ್ತಿತ್ತು ಮಾವ” ಎಂದಳು. “ನಾನಾದ್ರೆ ಎದ್ದು ತವ್ರಿಗೆ ವೋಗ್ಬೋದು. ಅವ್ರು ಎಲ್ಲಿಗೆ ವೋಗ್ತಾರೆ?”

ಅವಳು ಒಳಗೆ ಹೋದಳು. ಚಾಮಯ್ಯ ತಟ್ಟೆಯಲ್ಲಿದ್ದುದನ್ನು ನಿಧಾನವಾಗಿ ಉಂಡ. ಉಪ್ಪು ಸರಿ ಅದೆ ಎಂದ, ಯಾರೂ ಕೇಳದಿದ್ದರೂ. ಕೈ ತೊಳೆದು ಬಂದು ಜಗಲಿಯ ಕಂಬಕ್ಕೆ ಒರಗಿ ಕುಳಿತು, ಎದೆಯ ಗುಂಡಿಯ ಮೇಲೆ ಅಂಗೈ ಇಟ್ಟುಕೊಂಡು ಉರಿಗಾಗಿ ಕಾದ. ಸೊಸೆ ದೀಪ ಹಚ್ಚಿ ಹೋದಳು. ದನಗಳು ಹಟ್ಟಿಗೆ ಬಂದವು. ಉರಿ ಬರಲಿಲ್ಲ, ಅವನು ಇನ್ನೂ ಸ್ವಲ್ಪ ಹೊತ್ತು ಕಾದ.